ಎಡಕ್ಕೇ ಎಳೆಯುತ್ತಿದ್ದ ಕಾರು

ಲಿಂಗ ಅಂಗೈಯಿಂದ ಜಾರಿತು.

ಅದೇ ಮೊದಲ ಲಕ್ಷಣ ಎಂದು ಈಗ ಗೊತ್ತು. ಆಗ ಗೊತ್ತಿರಲಿಲ್ಲ.

ಹೋದ ವರ್ಷ ಯುಗಾದಿ ಕಳೆದು ಹದಿನೈದು ದಿನ ಆಗಿತ್ತು. ಜಳಕ ಮಾಡಿ, ದೇವರ ಕೋಣೆಯಲ್ಲಿ ಮಣೆಯ ಮೇಲೆ ಕುಳಿತು, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡಿದ್ದೆ. ಸ್ಫೂರ್ತಿ, ಸಮರ್ಥ, ನೀವಿಬ್ಬರೂ ಚಿಕ್ಕವರಿದ್ದಾಗ ಎದುರಿಗೆ ಕುಳಿತು ಇದನ್ನು ಎಷ್ಟೋ ಸಲ ನೋಡಿದ್ದೀರಿ. ಎಡಗೈ ಪೀಠ, ಬಲಗೈ ಕೆಲಸ ಮಾಡುವುದು. ಬಲಗೈಯಿಂದ ನೀರು ಹಾಕಿ, ವಿಭೂತಿ ಹಚ್ಚಿ, ಪತ್ರಿ ಏರಿಸುವಷ್ಟರಲ್ಲಿ ಎಡ ಅಂಗೈ ತಾನಾಗಿಯೇ ಓರೆಯಾಯಿತು. ನನಗೆ ತಿಳಿಯಲೇ ಇಲ್ಲ. ತೊಡೆಗೆ ನೀರು ತಣ್ಣಗೆ ತಾಗಿದಾಗ ಕೆಳಗೆ ನೋಡಿದೆ. ಲಿಂಗ ಸೀರೆಯ ಮಡಿಲಲ್ಲಿ ಇತ್ತು.

ನೆಲಕ್ಕೆ ಬಿದ್ದಿರಲಿಲ್ಲ. ಅಷ್ಟೇ ಸಮಾಧಾನ.

ಏಳು ವರ್ಷದವಳಿದ್ದಾಗ ದೀಕ್ಷೆಯಾಗಿ ಕೊರಳಿಗೆ ಬಂದ ಲಿಂಗ ಅದು. ಹೆರಿಗೆಯಲ್ಲಿ, ಜ್ವರದಲ್ಲಿ, ನಿಮ್ಮ ಅಜ್ಜ ತೀರಿಕೊಂಡ ದಿನದಲ್ಲಿ ಕೂಡ ಕೈಯಿಂದ ಜಾರಿರಲಿಲ್ಲ. ಏನೋ ತಪ್ಪು ನಡೆದಿದೆ, ನನ್ನಿಂದಲೇ ನಡೆದಿದೆ ಎಂದುಕೊಂಡೆ. ಬಲಗೈಯಿಂದ ಎತ್ತಿ ಒರೆಸಿ ಕರಡಿಗೆಯಲ್ಲಿ ಇಟ್ಟೆ. ಎಡಗೈ ಮುಚ್ಚಲು ಬರಲಿಲ್ಲ. ಜೋಮು ಹಿಡಿದಿರಬೇಕು ಎನ್ನಿಸಿತು.

ಅಡುಗೆ ಮನೆಯಿಂದ ಸುನಂದಾ, ಅಂದರೆ ನಿಮ್ಮ ಅವ್ವ, ಕೂಗಿದಳು. "ಅತ್ತಿ, ಪೂಜಿ ಆತೇನ್ರಿ? ನಾಷ್ಟಾ ಹಾಕ್ಲಿ?"

"ಹೂಂ," ಎಂದೆ.

ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಲಗೈಯಲ್ಲಿ ಎರಡು ತುತ್ತು ಉಪ್ಪಿಟ್ಟು ತಿಂದೆ. ಎಂಟೂ ಮುಕ್ಕಾಲಿಗೆ ನಿಮ್ಮ ಅಪ್ಪ ಬಸು ಕುಂದಗೋಳದ ಗೊಬ್ಬರದ ಅಂಗಡಿಗೆ ಹೋದ. ಒಂಬತ್ತರ ಬಸ್ಸಿಗೆ ಸುನಂದಾ ಶಾಲೆಗೆ ಹೋದಳು. ಇಬ್ಬರಿಗೂ ಏನೂ ಹೇಳಲಿಲ್ಲ. ಹೇಳುವುದಾದರೂ ಏನು? ಲಿಂಗ ಜಾರಿತು ಎಂದು ಹೇಳಬೇಕಾಗುತ್ತಿತ್ತು. ಅದನ್ನು ಬಾಯಿಂದ ಆಡಲು ನಾಚಿಕೆಯಾಯಿತು. ನಾನು ಮೊದಲಿನಿಂದಲೂ ಮಾತು ಕಡಿಮೆಯವಳು. ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆ ಓದುವಾಗಲೂ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ.

ಗೋಡೆಗೆ ಒರಗಿ ಕುಳಿತೆ. ಕಾಲೂ ಭಾರವಾಗುತ್ತ ಬಂತು. ಇದು ಪೂಜೆಯ ತಪ್ಪಲ್ಲ, ಮೈಯ ತೊಂದರೆ ಎಂದು ಹತ್ತು ಗಂಟೆಯ ಹೊತ್ತಿಗೆ ಅರ್ಥವಾಗತೊಡಗಿತ್ತು. ಆದರೂ ಕೂಗಲಿಲ್ಲ. ಮಗ್ಗುಲಲ್ಲೇ ಗೌರವ್ವನ ಮನೆ. ಒಂದು ಕೂಗಿನ ದೂರ.

ಹನ್ನೆರಡರ ಸುಮಾರಿಗೆ ಹೆಪ್ಪಿಗೆ ಮೊಸರು ಕೇಳಲು ಗೌರವ್ವ ತಾನಾಗಿಯೇ ಬಂದಳು. ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತಳು.

"ಏನ್ಬೇ ಶಾಂತವ್ವ, ಬಾಯಿ ಯಾಕ ಹಂಗ ಸೊಟ್ಟ ಮಾಡಿ? ನನ್ನ ಅಣಕಸ್ತಿಯೇನ?"

ನಗಲು ಹೋದೆ. ಜೊಲ್ಲು ಇಳಿಯಿತು. ಗೌರವ್ವನ ಕೈಯ ಬಟ್ಟಲು ನೆಲಕ್ಕೆ ಬಿತ್ತು.

ಗೌರವ್ವ ಫೋನ್ ಮಾಡಿ ಬಸುನನ್ನೂ ಸುನಂದಾಳನ್ನೂ ಕರೆಸಿ, ಎಲ್ಲರೂ ಹುಬ್ಬಳ್ಳಿಯ ದವಾಖಾನೆಗೆ ಹೋಗಿ ಮುಟ್ಟಿದಾಗ ಎರಡು ದಾಟಿತ್ತು. ಎಮರ್ಜೆನ್ಸಿಯಲ್ಲಿ ಮಲಗಿಸಿದರು. ಡಾಕ್ಟರ್ ಕಣ್ಣಿಗೆ ಬ್ಯಾಟರಿ ಬಿಟ್ಟರು, ಕೈ ಎತ್ತಿಸಿದರು, ಕಾಲು ಎತ್ತಿಸಿದರು. ಎಡಗಡೆ ಏನೂ ಏಳಲಿಲ್ಲ.

"ಯಾವಾಗ ಶುರು ಆತು?" ಎಂದು ಕೇಳಿದರು.

"ನಾ ನೋಡಿದ್ದು ಹನ್ನೆರಡಕ್ರಿ," ಎಂದಳು ಗೌರವ್ವ.

"ಬೆಳಿಗ್ಗೆ ನಾಷ್ಟಾ ಮಾಡ್ಯಾರ್ರಿ, ಅರಾಮ ಇದ್ರು," ಎಂದಳು ಸುನಂದಾ.

ಡಾಕ್ಟರ್ ನನ್ನ ಕಡೆ ಬಗ್ಗಿದರು. "ಅಜ್ಜಿ, ನೀವ ಹೇಳ್ರಿ. ನಿಮಗ ಯಾವಾಗ ಗೊತ್ತಾತು?"

ನಾಲಿಗೆ ದಪ್ಪ ಆಗಿತ್ತು, ನಿಜ. ಆದರೆ ಬಲಗೈ ಬೆರಳುಗಳು ಸರಿಯಾಗಿದ್ದವು. ಮೊದಲು ಐದು ಬೆರಳು, ಆಮೇಲೆ ಎರಡು, ಏಳು ಎಂದು ತೋರಿಸಬಹುದಿತ್ತು. ಕಣ್ಣು ಮುಚ್ಚಿಕೊಂಡೆ.

ಸ್ಟ್ರೋಕ್ ಎಂದರು. ಮಿದುಳಿನ ಬಲಭಾಗದಲ್ಲಿ ಕ್ಲಾಟ್. ಅದನ್ನು ಕರಗಿಸುವ ಇಂಜೆಕ್ಷನ್ ಇದೆಯಂತೆ, ಆದರೆ ಶುರುವಾದ ಕೆಲವೇ ತಾಸಿನೊಳಗೆ ಕೊಡಬೇಕಂತೆ. "ಹೊತ್ತು ಮೀರೇತ್ರಿ. ಬೆಳಿಗ್ಗೇನ ಕರಕೊಂಡು ಬಂದಿದ್ರ ಮಾತು ಬ್ಯಾರೆ ಇತ್ತು," ಎಂದು ಡಾಕ್ಟರ್ ನಿಮ್ಮ ಅಪ್ಪನಿಗೆ ಹೇಳಿದ್ದು ಪರದೆಯ ಆಚೆಯಿಂದ ಕೇಳಿಸಿತು. ಆಮೇಲೆ ನಿಮ್ಮ ಅಪ್ಪನ ದನಿ ಕೇಳಿಸಿತು. ಅವನು ನಿಮ್ಮ ಅವ್ವನಿಗೆ ಬೈಯುತ್ತಿದ್ದ.

"ಮುಂಜಾನೆ ಎದುರಿಗೆ ಕುಂತು ನಾಷ್ಟಾ ಹಾಕಿ. ಮಾರಿ ನೋಡಲಿಲ್ಲೇನ? ಕಣ್ಣು ಎಲ್ಲಿದ್ವು ನಿನ್ನವು?"

ಅವಳು ಏನೂ ಅನ್ನಲಿಲ್ಲ.

ನಾನೂ ಏನೂ ಅನ್ನಲಿಲ್ಲ.

ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ಇನ್ನೊಂದು ಆಯಿತು. ಅಲ್ಲಿಯ ಹುಡುಗಿ ಬಳೆ, ಬೆಂಡೋಲೆ ಎಲ್ಲ ತೆಗೆಸಿ, "ಕೊರಳಾಗಿಂದೂ ತೆಗೀರಿ ಅಜ್ಜಿ, ಮೆಟಲ್ ಇದ್ರ ಮಶೀನ್ ಒಳಗ ಬಿಡೂದಿಲ್ಲ," ಎಂದಳು. ಬಲಗೈಯಿಂದ ಕರಡಿಗೆಯನ್ನು ಹಿಡಿದುಕೊಂಡೆ. ಬಿಡಲಿಲ್ಲ. ಅವಳು ಗಡಿಯಾರ ನೋಡಿದಳು. ಆಗ ಸುನಂದಾ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಶಿವದಾರವನ್ನು ತನ್ನ ಕೊರಳಿಗೆ ಹಾಕಿಕೊಂಡಳು. ಅವಳ ಲಿಂಗದ ಮಗ್ಗುಲಲ್ಲೇ ನನ್ನದೂ ತೂಗಿತು. "ನನ್ನ ಎದಿ ಮ್ಯಾಲ ಇರತೈತ್ರಿ ಅತ್ತಿ. ಅಂಜಬ್ಯಾಡ್ರಿ," ಎಂದಳು. ಗಂಡನಿಂದ ಬೈಸಿಕೊಂಡು ಇನ್ನೂ ಒಂದು ತಾಸು ಆಗಿರಲಿಲ್ಲ. ಕಣ್ಣು ಕೆಂಪಗಿದ್ದವು.

ಆ ಯಂತ್ರದೊಳಗೆ ಕೊಡಲಿ ಹಾಕಿದಂಥ ಸಪ್ಪಳ. ಕೊರಳು ಬರಿದು. ಎದೆಯೊಳಗೆ ಬಚ್ಚಿಟ್ಟ ಆ ಬೆಳಗು.

ಹತ್ತು ದಿನಕ್ಕೆ ಮನೆಗೆ ಬಂದೆ. ತಿಂಗಳೊಳಗೆ ಬಾಯಿ ನೆಟ್ಟಗಾಯಿತು, ಮಾತು ತಿಳಿಯಾಯಿತು. ಕೋಲು ಹಿಡಿದು ಹಿತ್ತಲ ತನಕ ನಡೆಯುವಂತಾದೆ. ಎಡಗೈ ಮಾತ್ರ ಬರಲಿಲ್ಲ. ಯಾರದೋ ಕೈಯನ್ನು ನನ್ನ ಹೆಗಲಿಗೆ ತೂಗು ಹಾಕಿದ ಹಾಗೆ ಇತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಅದು ನನ್ನ ಕೆಳಗೇ ಸಿಕ್ಕಿಕೊಳ್ಳುತ್ತಿತ್ತು. ನೋವು ಕೂಡ ಆಗುತ್ತಿರಲಿಲ್ಲ.

ವಾರಕ್ಕೊಮ್ಮೆ ಫಿಜಿಯೋಥೆರಪಿಯ ರೇಷ್ಮಾ ಮೇಡಂ ಮನೆಗೆ ಬರುತ್ತಿದ್ದರು. ಸ್ಪಂಜಿನ ಬಾಲ್ ಕೊಟ್ಟು ಒತ್ತು ಎಂದರು. ತಾಟಿನಲ್ಲಿ ಶೇಂಗಾ ಹಾಕಿ ಒಂದೊಂದೇ ಹೆಕ್ಕು ಎಂದರು. ದಿನವಿಡೀ ಅದೇ. ಒತ್ತು, ಬಿಡು. ಒತ್ತುತ್ತಿದ್ದೇನೋ ಇಲ್ಲವೋ ನನಗೇ ತಿಳಿಯುತ್ತಿರಲಿಲ್ಲ, ಕಣ್ಣಿಂದ ನೋಡಿ ತಿಳಿಯಬೇಕಾಗಿತ್ತು.

ನನ್ನ ಚಿಂತೆ ಶೇಂಗಾದ್ದಾಗಿರಲಿಲ್ಲ. ಪೂಜೆಯದಾಗಿತ್ತು.

ಮಠದ ಅಯ್ಯನವರು ನೋಡಲು ಬಂದಾಗ ಸುನಂದಾಳೇ ಕೇಳಿದಳು. ಅವರು ನಕ್ಕರು. "ಬಲಗೈಯಾಗ ಇಟ್ಕೊಳ್ಳವ್ವ. ಆಗಲಿಲ್ಲಂದ್ರ ಎದುರಿಗೆ ಮಣಿ ಮ್ಯಾಲ ಇಡು. ನಿನ್ನ ಕೈ ಸೋತದ್ದು ಅವಗ ಗೊತ್ತಿಲ್ಲೇನು?" ಒಳ್ಳೆಯ ಮಾತು. ತಲೆ ಅಲ್ಲಾಡಿಸಿದೆ. ಆದರೆ ಬಲಗೈಯಲ್ಲಿ ಇಟ್ಟುಕೊಂಡರೆ ನೀರು ಹಾಕುವವರು ಯಾರು? ಮಣೆಯ ಮೇಲೆ ಇಟ್ಟು ಎರಡು ದಿನ ನೋಡಿದೆ. ಎದುರು ಮನೆಯವರನ್ನು ಕಿಟಕಿಯಿಂದ ನೋಡಿದ ಹಾಗಾಯಿತು.

ನಿಮ್ಮ ಅಜ್ಜ ಹೋದ ಮೇಲೆ ಈ ಹನ್ನೊಂದು ವರ್ಷ, ದಿನದಲ್ಲಿ ನನ್ನದು ಎಂದು ಇದ್ದದ್ದು ಬೆಳಗಿನ ಆ ಕಾಲು ತಾಸು. ಅಂಗೈಯೊಳಗಿನದನ್ನು ನೋಡುತ್ತ ಮನಸ್ಸಿನಲ್ಲಿ ಮಾತಾಡುತ್ತಿದ್ದೆ. ಬೇರೆ ಯಾರ ಹತ್ತಿರವೂ ಅಷ್ಟು ಮಾತಾಡಿದವಳಲ್ಲ. ಅಜ್ಜನನ್ನು ಮಣ್ಣಿಗೆ ಇಡುವಾಗ ಅವರ ಲಿಂಗವನ್ನು ಅವರ ಎಡ ಅಂಗೈಯಲ್ಲಿ ಇಟ್ಟರು. ನಮ್ಮಲ್ಲಿ ಹಾಗೆ. ನನ್ನ ಅಂಗೈಯಲ್ಲೂ ಒಂದು ದಿನ ಯಾರೋ ಇಡುತ್ತಾರೆ, ಆಗ ಅದು ಜಾರುವುದಿಲ್ಲ, ಹಿಡಿಯುವ ಅಗತ್ಯವೂ ಇಲ್ಲ. ಆ ದಿನ ಬರುವ ಮೊದಲು ನಾನೇ ಒಂದು ಸಲ ಹಿಡಿಯಬೇಕು. ನನಗೆ ಬೇಕಾದದ್ದು ಅಷ್ಟೇ. ಹೆರಳು ಹಾಕಿಕೊಳ್ಳಲು ಬರದಿದ್ದರೂ ನಡೆದೀತು, ರೊಟ್ಟಿ ಬಡಿಯಲು ಬರದಿದ್ದರೂ ನಡೆದೀತು.

ಸುನಂದಾ ದಿನಾ ಬೆಳಗ್ಗೆ ನನ್ನ ಅಂಗೈಯ ಕೆಳಗೆ ತನ್ನ ಅಂಗೈ ಕೊಟ್ಟು ಕುಳಿತಳು. ಒಲೆಯ ಮೇಲೆ ಬೇಳೆ, ಒಂಬತ್ತಕ್ಕೆ ಬಸ್. ಅವಳು ಬಾಯಿಬಿಟ್ಟು ಎಂದೂ ಅವಸರ ಮಾಡಲಿಲ್ಲ. ಆದರೂ ನಾನು ಎರಡೇ ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದೆ. ಇನ್ನೊಬ್ಬರ ಕೈಯ ಬಿಸಿ ಕೆಳಗಿರುವಾಗ ಮನಸ್ಸಿನ ಮಾತು ಬರುತ್ತಿರಲಿಲ್ಲ. ಅದರ ಮೇಲೆ, ನನ್ನ ಸಲುವಾಗಿ ಗಂಡನಿಂದ ಬೈಸಿಕೊಂಡವಳ ಕೈ ಅದು.

ಇಬ್ಬರೂ ಹೋದ ಮೇಲೆ ಮನೆ ದೊಡ್ಡದಾಗುತ್ತಿತ್ತು. ಗೌರವ್ವನ ಮನೆಯ ಮಿಕ್ಸರ್ ಸಪ್ಪಳ ನಿಂತರೆ ಹನ್ನೊಂದು ಎಂದು ಲೆಕ್ಕ. ನೀರಿನ ನಲ್ಲಿ ಸುಯ್ ಎಂದರೆ ನಾಲ್ಕು. ನಡುವೆ ಏನೂ ಇಲ್ಲ.

ನಿಮ್ಮ ಧಾರವಾಡದ ಕಾಲೇಜಿಗೆ ಸೂಟಿ ಬಿಟ್ಟು ಇಬ್ಬರೂ ಬಂದದ್ದು ಕಾರಹುಣ್ಣಿಮೆ ಆದ ಮೇಲೆ. ಸ್ಫೂರ್ತಿ, ನೀನು ಬಂದವಳೇ ಕೇಳಿದೆ.

"ಆಯಿ, ಬಾಲ್ ಎಲ್ಲೈತಿ?"

"ಇಲ್ಲೇ ಎಲ್ಲೋ ಇರಬೇಕ ನೋಡು."

ನೀನು ಹಿತ್ತಲಿನ ಬೇವಿನ ಗಿಡದ ಹಿಂದಿನಿಂದ ಅದನ್ನು ಎತ್ತಿಕೊಂಡು ಬಂದೆ. ಮಣ್ಣಾಗಿತ್ತು. "ಬಾಲ್‌ಗೆ ಕಾಲು ಬಂದಾವ ನೋಡ್ರಿ, ತಾನ ನಡಕೊಂತ ಹೋಗೈತಿ!" ಎಂದು ಮನೆಯೆಲ್ಲ ಕೇಳುವ ಹಾಗೆ ಕೂಗಿದೆ. ನನಗೆ ನೆಲ ಬಿರಿದರೆ ಸಾಕಾಗಿತ್ತು. ಆಮೇಲೆ ನೀನೇ ಹತ್ತಿರ ಕುಳಿತು ಮೆಲ್ಲಗೆ, "ಬ್ಯಾಸರ ಆಗತೈತಿ ಅಲ್ಲ?" ಎಂದೆ. ಮನೆಗೆ ಬಂದ ಏಳು ವಾರದಲ್ಲಿ ನನಗೆ ಬೇಸರವೇ ಎಂದು ಕೇಳಿದವಳು ನೀನೊಬ್ಬಳೇ.

ಮರುದಿನ ನೀನು ನಿನ್ನ ಚೀಲದಿಂದ ಆ ಕರಿಯ ಕಂಟ್ರೋಲರ್ ತೆಗೆದೆ. ಟಿ.ವಿ.ಗೆ ಹಚ್ಚಿ ಆಡುವ ನಿಮ್ಮ ಗೇಮ್ ಡಬ್ಬಿಯ ಎರಡು ಕಂಟ್ರೋಲರ್‌ಗಳಲ್ಲಿ ಹಳೆಯದು. ಡಬ್ಬಿ ನಿಮ್ಮ ಧಾರವಾಡದ ರೂಮಿನಲ್ಲೇ ಇತ್ತು. ಡಬ್ಬಿ ಇಲ್ಲದೆ ಇದರಿಂದ ಏನು ಮಾಡುವುದು ಎಂದುಕೊಂಡೆ. ನೀನು ಅದರ ಎರಡು ಗುಂಡಿಗಳನ್ನು ಕೂಡಿಸಿ ಒತ್ತಿ ಹಿಡಿದೆ. ದೀಪ ಪಕಪಕ ಎಂದಿತು. ನನ್ನ ಫೋನಿನಲ್ಲಿ ಬ್ಲೂಟೂತ್ ತೆರೆದು ಅದರ ಹೆಸರು ಮುಟ್ಟಿದೆ. ದೀಪ ನಿಂತು ಉರಿಯಿತು.

"ಆತು. ಇನ್ನ ಇವೆರಡಕ್ಕೂ ಲಗ್ನ ಆತು," ಎಂದ ಸಮರ್ಥ.

ಫೋನನ್ನು ಜೋಳದ ಡಬ್ಬಿಗೆ ಒರಗಿಸಿ ಇಟ್ಟಿರಿ. ಒಂದು ಕಾರು, ಒಂದು ರಸ್ತೆ. ಕಾರಿನ ಬಣ್ಣ ಕೆಂಪು ಇರಲಿ ಎಂದವನು ಸಮರ್ಥ. ಓಡುವುದು ತಾನೇ ಓಡುತ್ತದೆ, ತಿರುಗಿಸುವುದಷ್ಟೇ ನನ್ನ ಕೆಲಸ. ಅದು ಎಡ ಹೆಬ್ಬೆರಳಿನ ಕೆಳಗಿನ ಗಿಡ್ಡ ಸ್ಟಿಕ್‌ನಿಂದ. ನನ್ನ ಎಡಗೈ ಹಿಡಿಕೆಯ ಮೇಲೆ ನಿಲ್ಲದೆ ಇದ್ದಾಗ ಸ್ಫೂರ್ತಿ, ನೀನು ಹಳೆಯ ಸೀರೆಯ ಅರಿವೆ ಹರಿದು ಕೈಯನ್ನೂ ಕಂಟ್ರೋಲರನ್ನೂ ಕೂಡಿಸಿ ಕಟ್ಟಿದೆ. ನನ್ನ ಹೆಬ್ಬೆರಳನ್ನು ಎತ್ತಿ ಸ್ಟಿಕ್ ಮೇಲೆ ಕೂರಿಸಿದೆ.

ಕಾರು ನೇರ ಹೋಗಿ ಗೋಡೆಗೆ ಗುದ್ದಿತು. ಕಂಟ್ರೋಲರ್ ಗುರ್ ಎಂದು ನಡುಗಿತು.

ಎಡ ಅಂಗೈಗೆ ಅದು ಗೊತ್ತಾಯಿತು.

ಎರಡು ತಿಂಗಳಾದ ಮೇಲೆ ಮೊದಲ ಸಲ. ದೂರದ ಓಣಿಯಲ್ಲಿ ಟ್ರ್ಯಾಕ್ಟರ್ ಹೋದ ಹಾಗೆ, ಸಣ್ಣಗೆ. ನಿಮಗೆ ಹೇಳಲಿಲ್ಲ. "ಇನ್ನೊಮ್ಮೆ ಗುದ್ದಿಸು," ಎಂದೆ ಅಷ್ಟೇ. ನೀವು ನಕ್ಕಿರಿ.

ರೇಷ್ಮಾ ಮೇಡಂ ಮುಂದಿನ ವಾರ ಬಂದು ನೋಡಿ, "ಅಡ್ಡಿಯಿಲ್ಲ. ಹೆಬ್ಬೆರಳಿಗೂ ಮುಂಗೈಗೂ ಕೆಲಸ ಸಿಗತೈತಿ. ಆದ್ರ ಅರ್ಧ ತಾಸಷ್ಟ. ಬಾಲ್ ಬಿಡಬ್ಯಾಡ್ರಿ, ಗಿಡದ ಹಿಂದ ಒಗೀಬ್ಯಾಡ್ರಿ," ಎಂದರು. ಈ ಮನೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ.

ನೀವು ಧಾರವಾಡಕ್ಕೆ ಹೋದಿರಿ. ಕಂಟ್ರೋಲರ್ ಉಳಿಯಿತು. ನಡುವಿನ ಗುಂಡಿ ಒತ್ತಿದರೆ ಅದು ತಾನೇ ಫೋನನ್ನು ಹುಡುಕಿಕೊಳ್ಳುತ್ತಿತ್ತು. ಅರಿವೆ ಕಟ್ಟಲು ಗೌರವ್ವ ಬರುತ್ತಿದ್ದಳು. "ಸ್ವಸಿ ಸಾಲಿಗೆ ಹೋದ್ಲು, ಮಗ ಅಂಗಡಿಗೆ ಹೋದ, ಅತ್ತಿ ಕಾರ್ ತಗೊಂಡು ಹೊಂಟ್ಲು. ನನ್ನೂ ಒಂದಿನ ಕುಂಡ್ರಿಸ್ಕೊಳ್ಳಲೇ," ಎಂದು ಗಂಟು ಹಾಕಿ ಹೋಗುತ್ತಿದ್ದಳು. ಭಾನುವಾರ ನಿಮ್ಮ ಅವ್ವನ ಫೋನಿಗೆ ವಿಡಿಯೋ ಕಾಲ್ ಮಾಡಿ ಪರೀಕ್ಷೆ ಮಾಡುತ್ತಿದ್ದಿರಿ. ಬಲಗೈ ಬೆರಳಿನಿಂದ ಎಡ ಹೆಬ್ಬೆರಳನ್ನು ಕದ್ದು ನೂಕಿದರೆ, "ಆಯಿ, ಕಳ್ಳಾಟ! ಕಂಡೇತಿ!" ಎಂದು ಸಮರ್ಥ ಕೂಗುತ್ತಿದ್ದ.

ಉಳಿದ ಆರು ದಿನ ಆ ರಸ್ತೆಯಲ್ಲಿ ನಾನೊಬ್ಬಳೇ. ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ. ನಮ್ಮ ಎರೆಭೂಮಿಯ ಯರಗುಪ್ಪಿಯಿಂದ ಸಮುದ್ರ ನೋಡಲು ಹೋದವಳಲ್ಲ ನಾನು. ಚೆಂದದ ಮನೆಗಳು ಬರುತ್ತವೆ. ಒಂದರ ಬಾಗಿಲೂ ತೆರೆಯುವುದಿಲ್ಲ. ಯಾರೂ ಹೊರಗೆ ನಿಂತಿರುವುದಿಲ್ಲ. ಎಷ್ಟು ದೂರ ಹೋದರೂ ಹೋಗಿ ಮುಟ್ಟುವ ಊರಿಲ್ಲ, ಹೊರಟಲ್ಲಿಗೇ ತಿರುಗಿ ಬರಬೇಕು. ಕೆಲವೊಮ್ಮೆ ಆಟ ಮುಗಿದ ಮೇಲೂ ಫೋನ್ ಕಪ್ಪಗಾಗುವ ತನಕ ನೋಡುತ್ತ ಕೂರುತ್ತಿದ್ದೆ. ಆ ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು.

ಆದರೂ ಹೆಬ್ಬೆರಳು ಬಂತು. ಶ್ರಾವಣದಲ್ಲಿ ಸ್ಟಿಕ್ ಬಲಕ್ಕೆ ಹೋಯಿತು. ಗಣಪತಿ ಹಬ್ಬದ ಹೊತ್ತಿಗೆ ಅರಿವೆ ಬಿಚ್ಚಿದೆವು. ಆಮೇಲೆ ಅಂಗೈ ತೆರೆದು ಚಪ್ಪಟೆ ಮಾಡಲು ಬಂತು. ಯಾರಿಗೂ ಕಾಣದ ಹಾಗೆ ಒಂದು ಲಿಂಬಿಹಣ್ಣನ್ನು ಅಂಗೈ ಮೇಲೆ ಇಟ್ಟುಕೊಂಡು, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸುತ್ತಿದ್ದೆ. ಮೂರು. ಐದು. ಮಹಾನವಮಿಯ ಹಿಂದಿನ ದಿನ ಹನ್ನೊಂದು. ಹಬ್ಬ ಮುಗಿಯಲಿ, ದೀಪಾವಳಿಯೊಳಗೆ ಲಿಂಗ ಇಟ್ಟು ನೋಡುತ್ತೇನೆ ಎಂದುಕೊಂಡೆ.

ಖಂಡೆ ಪೂಜೆಯ ದಿನ ದೇವರ ಕೋಣೆಯಲ್ಲಿ ಕುಡಗೋಲು, ಕೊಡಲಿ, ಅಂಗಡಿಯ ತಕ್ಕಡಿ, ಸುನಂದಾಳ ಪೆನ್ನು ಪುಸ್ತಕ ಎಲ್ಲ ಇಟ್ಟರು. ಮನೆಯಲ್ಲಿ ಯಾರಿಗೆ ಯಾವ ಸಾಮಾನು ಅನ್ನ ಕೊಡುತ್ತದೋ ಅದಕ್ಕೆ ಪೂಜೆ. ನಾನು ಕೋಲೂರಿ ಹೋಗಿ ಕಂಟ್ರೋಲರನ್ನೂ ತಂದು ಕುಡಗೋಲಿನ ಮಗ್ಗುಲಲ್ಲಿ ಇಟ್ಟೆ. ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಅದರ ಹಣೆಯ ಮೇಲೆ ಗಟ್ಟಿಯಾಗಿ ಎಳೆದೆ. ಎರಡು ಚೆಂಡುಹೂವು ಏರಿಸಿದೆ. ಯಾರೂ ನಗಲಿಲ್ಲ. ಬಸು ಕೈ ಮುಗಿದ ಕೂಡ.

ಹಬ್ಬ ಮುಗಿಯಿತು. ಬನ್ನಿ ಹಂಚಿಕೊಂಡದ್ದೂ ಆಯಿತು. ಎರಡು ದಿನ ಬಿಟ್ಟು ಕಂಟ್ರೋಲರ್ ಒರೆಸಿಕೊಂಡು ಆಡಲು ಕುಳಿತೆ.

ಕಾರು ಎಡಕ್ಕೆ ಹೋಯಿತು.

ಬಲಕ್ಕೆ ಒತ್ತಿದೆ. ಒತ್ತಿದಾಗ ಸ್ವಲ್ಪ ನೆಟ್ಟಗಾಗಿ, ಬಿಟ್ಟ ಕೂಡಲೇ ಮತ್ತೆ ಎಡಕ್ಕೆ. ಹೆಬ್ಬೆರಳನ್ನು ಸಡಿಲ ಬಿಟ್ಟೆ. ಬಿಟ್ಟೆ ಎಂದು ನನಗೆ ಅನ್ನಿಸಿತು. ಆದರೆ ಈ ಹೆಬ್ಬೆರಳು ಒತ್ತುತ್ತಿದೆಯೋ ಇಲ್ಲವೋ ಅದು ನನಗೆ ಎಂದೂ ಪೂರ್ತಿ ತಿಳಿಯುತ್ತಿರಲಿಲ್ಲ. ನಾನು ಬೇಡವೆಂದರೂ ಬೆರಳು ತಾನಾಗಿ ಎಡಕ್ಕೆ ಎಳೆಯುತ್ತಿದೆ. ಆ ದಿನ ಅಂಗೈ ತಾನಾಗಿ ಓರೆಯಾದ ಹಾಗೆಯೇ.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್ ಹೇಳಿದ್ದರು, ಒಮ್ಮೆ ಬಂದದ್ದು ಮತ್ತೊಮ್ಮೆ ಬರಬಹುದು, ಏನಾದರೂ ಹೊಸದು ಕಂಡರೆ ಒಂದು ನಿಮಿಷವೂ ತಡ ಮಾಡಬೇಡಿ ಎಂದು.

ನಾಲ್ಕು ದಿನ ತಡ ಮಾಡಿದೆ.

ಹೌದು. ಮತ್ತೆ ಅದನ್ನೇ ಮಾಡಿದೆ. ಬೆಳಗ್ಗೆ ಸುನಂದಾ ಕೈ ಕೊಟ್ಟಾಗ ನನ್ನ ಕೈ ನಡುಗುತ್ತಿತ್ತು. ಥಂಡಿ ಎಂದೆ. ಅವಳು ಹೋದ ಮೇಲೆ ಕಾರನ್ನು ಹಚ್ಚಿ ನೋಡುವುದು, ಎಡಕ್ಕೆ ಹೋಗುವುದು, ಬಂದ್ ಮಾಡುವುದು. ಲಿಂಬಿಹಣ್ಣು ಎರಡು ಎಣಿಸುವಷ್ಟರಲ್ಲಿ ಉರುಳುತ್ತಿತ್ತು. ಈ ಸಲ ಪೂರ್ತಿ ಹೋಗುತ್ತೇನೆ, ಇಷ್ಟು ದಿನ ಇವರಿಂದ ಮಾಡಿಸಿಕೊಂಡದ್ದೆಲ್ಲ ನೀರಿಗೆ ಹೋಯಿತು, ಮತ್ತೆ ದವಾಖಾನೆ, ಮತ್ತೆ ಅವಳ ರಜೆ, ಮತ್ತೆ ಅವನ ಸಿಟ್ಟು ಎಂದು ಕುಳಿತಲ್ಲೇ ಕುಳಿತಿದ್ದೆ. ಗೌರವ್ವ ಎರಡು ಸಲ ಬಂದಳು. ತಲೆನೋವು ಎಂದು ಕಳಿಸಿದೆ. ಆ ನಾಲ್ಕು ದಿನ ಮನೆಯಲ್ಲಿ ಜನ ಇದ್ದಾಗ ನಾನು ಇನ್ನಷ್ಟು ಒಬ್ಬಂಟಿಯಾಗಿದ್ದೆ.

ಐದನೆಯ ದಿನ ಬೆಳಗ್ಗೆ ಪೂಜೆ ಮುಗಿಸಿ ಸುನಂದಾ ಏಳಲಿಲ್ಲ. ನನ್ನ ಮುಖವನ್ನೇ ನೋಡಿದಳು. ಕಣ್ಣು, ಬಾಯಿ, ಮತ್ತೆ ಕಣ್ಣು. ಆಗ ತಿಳಿಯಿತು. ಆ ದಿನ ಬೈಸಿಕೊಂಡಾಗಿನಿಂದ ಅವಳು ದಿನಾ ಬೆಳಗ್ಗೆ ನನ್ನ ಮುಖವನ್ನು ಹೀಗೆ ನೋಡಿಯೇ ಬಸ್ಸಿಗೆ ಹೋಗುತ್ತಿದ್ದಳು.

"ಯಾಕ್ರಿ ಅತ್ತಿ? ಏನೋ ಆಗೈತಿ."

ಏನಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಕೈ ತಾನ ಎಡಕ್ಕ ಎಳ್ಯಾಕತ್ತೈತವ್ವ. ನಾಕ ದಿನ ಆತು," ಎಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ಇನ್ನೊಂದೂ ನಿಲ್ಲಲಿಲ್ಲ. "ಅವತ್ತೂ ನೀ ನಾಷ್ಟಾ ಹಾಕೂದಕ್ಕಿಂತ ಮೊದಲ ಆಗಿತ್ತು. ಪೂಜ್ಯಾಗ ಲಿಂಗ ಜಾರಿ ಬಿತ್ತು. ಕೈ ಸೆರಗಿನಾಗ ಮುಚ್ಕೊಂಡು ಕುಂತಿದ್ದೆ. ನೀ ನೋಡಿದ್ರೂ ನಿನಗ ಕಾಣ್ತಿರಲಿಲ್ಲ. ನಿಂದೇನೂ ತಪ್ಪಿರಲಿಲ್ಲ."

ಒಲೆಯ ಮೇಲೆ ಕುಕ್ಕರ್ ಕೂಗಿತು. ಸುನಂದಾ ಎದ್ದು ಹೋಗಿ ಆರಿಸಿ ಬಂದಳು.

"ಅದನ್ನ ಆಮ್ಯಾಲ ಮಾತಾಡೂಣ್ರಿ. ಮೊದಲ ದವಾಖಾನಿಗೆ ಹೋಗೂಣು."

ಬಸು ಗೆಳೆಯನ ಕಾರು ತಂದ. ದಾರಿಯುದ್ದಕ್ಕೂ ಅವನು ಹಾರ್ನ್ ಹೊಡೆಯುತ್ತಲೇ ಇದ್ದ. ಅದೇ ಡಾಕ್ಟರ್. ಮತ್ತೆ ಕಣ್ಣಿಗೆ ಬ್ಯಾಟರಿ, ಮತ್ತೆ ಕೈ ಎತ್ತು, ಕಾಲು ಎತ್ತು. ಈ ಸಲ ಎಡಗೈ ಎದ್ದಿತು. ತಮ್ಮ ಎರಡು ಬೆರಳು ಕೊಟ್ಟು ಹಿಸುಕಲು ಹೇಳಿದರು. ಬಿ.ಪಿ. ನೋಡಿದರು.

"ಹೊಸದೇನೂ ಕಾಣವಲ್ದು. ಗ್ರಿಪ್ ಮೊದಲಕಿಂತ ಅಗದಿ ಚಲೋ ಆಗೈತಿ. ಎಡಕ್ಕ ಎಳೀತೈತಿ ಅಂದ್ರ ಹೆಂಗ?"

ನಾನು ಬಾಯಿ ತೆರೆಯುವ ಮೊದಲೇ ಸುನಂದಾ ತನ್ನ ಶಾಲೆಯ ಚೀಲದಿಂದ ಕಂಟ್ರೋಲರನ್ನೂ ನನ್ನ ಫೋನನ್ನೂ ತೆಗೆದು ಮೇಜಿನ ಮೇಲೆ ಇಟ್ಟಳು. ಫೋನನ್ನು ಬಿ.ಪಿ. ಮಶೀನಿಗೆ ಒರಗಿಸಿದೆವು. ಡಾಕ್ಟರ ಎದುರಿಗೆ ಅದನ್ನು ಹಿಡಿದುಕೊಳ್ಳಲು ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡೆ. ಕಾರು ಹೊರಟಿತು. ಎಡಕ್ಕೆ ಹೋಯಿತು.

"ನೋಡ್ರಿ, ಹಿಂಗ," ಎಂದೆ.

"ಅಜ್ಜಿ, ಅದನ್ನ ಕೆಳಗ ಇಡ್ರಿ."

ಇಟ್ಟೆ. ಎರಡೂ ಕೈ ತೆಗೆದೆ.

ಮೇಜಿನ ಮೇಲೆ ಕಂಟ್ರೋಲರ್ ಒಂದೇ ಕುಳಿತಿತ್ತು. ಯಾರ ಕೈಯೂ ಅದರ ಮೇಲೆ ಇರಲಿಲ್ಲ. ಕಾರು ತನ್ನಷ್ಟಕ್ಕೆ ತಾನು ಎಡಕ್ಕೆ ವಾಲಿ, ಗೋಡೆಗೆ ಗುದ್ದಿತು, ಮೇಜು ಗುರ್ ಎಂದಿತು.

ಡಾಕ್ಟರ್ ಕನ್ನಡಕ ತೆಗೆದು ನಕ್ಕರು. "ನಿಮಗೇನೂ ಆಗಿಲ್ರಿ ಅಜ್ಜಿ. ಈ ಸಲ ಸ್ಟ್ರೋಕ್ ಇದಕ್ಕ ಹೊಡದೈತಿ."

ಬಸು ಅದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದ. ಎಡ ಸ್ಟಿಕ್‌ನ ಸುತ್ತಲಿನ ಸಂದಿಯಲ್ಲಿ ಬೆಳ್ಳಗೆ ಒಣಗಿ ಕೂತಿತ್ತು. ಉಗುರಿನಿಂದ ಕೆರೆದ. "ಯವ್ವಾ, ವಿಭೂತಿ ಇದರ ಹೊಟ್ಟ್ಯಾಗ ಹೋಗೈತಿ. ಹಣಿಗೆ ಹಚ್ಚಿದಿ ಅನ್ಕೊಂಡಿದ್ದೆ, ಬಾಯಾಗೂ ಹಾಕಿಯೇನ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಕಣ್ಣೀರು ಬಂತು, ಒರೆಸಿಕೊಳ್ಳಲು ಎಡಗೈಯೇ ಮೊದಲು ಎದ್ದಿತು.

ತಿರುಗಿ ಬರುವಾಗ ಕಾರಿನಲ್ಲಿ ಹಗುರವಾಗಿತ್ತು. ಬಸು ಹಾರ್ನ್ ಹೊಡೆಯಲಿಲ್ಲ. ಸುನಂದಾ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಅವಳು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಸುಮ್ಮನೆ ಕುಳಿತರೆ ಆ ಬೆಳಗಿನ ವಿಷಯ ನಮ್ಮಿಬ್ಬರಲ್ಲೇ ಉಳಿದುಬಿಡುತ್ತಿತ್ತು. ಅವಳು ಅದನ್ನೂ ನನ್ನ ಲಿಂಗದ ಹಾಗೆ ತನ್ನ ಎದೆಯ ಮೇಲೆ ಹೊತ್ತುಕೊಂಡು ಇರುತ್ತಿದ್ದಳು.

ಕುಂದಗೋಳ ಹತ್ತಿರ ಬಂತು. ಎರಡೂ ಕಡೆ ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು.

"ಬಸು, ಅವತ್ತು ಏಳೂವರಿಗೇ ನನಗ ಗೊತ್ತಾಗಿತ್ತು."

ಅವನು ಕನ್ನಡಿಯಲ್ಲಿ ನೋಡಿದ. ಕಾರನ್ನು ರಸ್ತೆಯ ಬಾಜು ನಿಲ್ಲಿಸಿದ. ಎಲ್ಲ ಹೇಳಿದೆ. ಇಲ್ಲಿ ಬರೆದಷ್ಟು ಉದ್ದ ಹೇಳಲಿಲ್ಲ, ನಾಲ್ಕು ಮಾತು.

"ಯಾಕ ಹೇಳಲಿಲ್ಲ ಬೇ ಯವ್ವಾ? ಇಂಜೆಕ್ಷನ್ ಕೊಡ್ತಿದ್ರು."

"ಲಿಂಗ ಜಾರಿತ್ತಲೇ. ಹೆಂಗ ಹೇಳ್ಲಿ?"

ಲಾರಿ ಒಂದು ದಾಟಿ ಹೋಯಿತು. ಆಮೇಲೆ ಬಸು ಮುಂದಿನ ಸೀಟಿನಲ್ಲಿದ್ದ ಸುನಂದಾಳ ಕಡೆ ತಿರುಗಿದ.

"ನಿನ್ನ ಬೈದಿದ್ದೆ ಅವತ್ತು."

"ಹೌದ್ರಿ. ಎರಡು ಸಲ," ಎಂದಳು ಅವಳು. "ಒಮ್ಮೆ ದವಾಖಾನ್ಯಾಗ, ಒಮ್ಮೆ ಮನ್ಯಾಗ."

ಮನೆಯದು ನನಗೆ ಗೊತ್ತೇ ಇರಲಿಲ್ಲ.

ಅವನು ತಲೆ ತಗ್ಗಿಸಿ ಕೀಲಿ ತಿರುಗಿಸಿದ. ಕೆಲವು ದಿನ ಬಸು ನನ್ನೊಡನೆ ಕಡಿಮೆ ಮಾತಾಡಿದ. ಆಡದೆ ಇರುವ ಹಕ್ಕು ಅವನಿಗೆ ಇತ್ತು. ಹೋದ ತಾಸುಗಳು ತಿರುಗಿ ಬರುವುದಿಲ್ಲ. ನನ್ನ ಕೈಯಲ್ಲಿ ಇನ್ನೂ ಬಾರದೆ ಇರುವುದರಲ್ಲಿ ಎಷ್ಟು ರೋಗದ್ದು, ಎಷ್ಟು ನಾನು ಸುಮ್ಮನೆ ಕುಳಿತದ್ದರದ್ದು ಎಂದು ಯಾರೂ ಹೇಳಲಾರರು. ಡಾಕ್ಟರ್ ಕೂಡ.

ಕಂಟ್ರೋಲರನ್ನು ನೀವು ಧಾರವಾಡಕ್ಕೆ ಒಯ್ದು ಬಿಚ್ಚಿಸಿ, ಸಣ್ಣ ಬ್ರಶ್ಶಿನಿಂದ ತೊಳೆಸಿ ಕಳಿಸಿದಿರಿ. ಇನ್ನೂ ಕೂದಲೆಳೆಯಷ್ಟು ಎಡಕ್ಕೆ ಎಳೆಯುತ್ತದೆ. ಈಗ ನನಗೆ ಅದರ ಗುಣ ಗೊತ್ತು, ಅಷ್ಟೇ ಬಲಕ್ಕೆ ಒತ್ತಿ ಹಿಡಿಯುತ್ತೇನೆ. ಹೆಬ್ಬೆರಳಿಗೆ ಅದೂ ಒಂದು ಕೆಲಸ ಎಂದು ರೇಷ್ಮಾ ಮೇಡಂ ಹೇಳಿದರು.

ಕಾರ್ತಿಕದ ಒಂದು ಸೋಮವಾರ ಸುನಂದಾಗೆ ಶಾಲೆ ಇರಲಿಲ್ಲ. "ಇವತ್ತು ನಾನ ನೋಡ್ತೀನಿ. ನೀ ಬಾಜು ಕುಂಡ್ರು," ಎಂದೆ. ಮಡಿಲಲ್ಲಿ ದಪ್ಪ ಅರಿವೆ ಹಾಸಿಕೊಂಡೆ. ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟೆ. ಅಂಗೈ ಸಮ ಇರಲಿಲ್ಲ, ಹಾಕಿದ ನೀರು ಮುಂಗೈ ದಾಟಿ ಮೊಣಕೈ ತನಕ ಹರಿದು ಕುಪ್ಪಸ ತೋಯಿಸಿತು. ವಿಭೂತಿ ಹಚ್ಚಿದೆ. ಪತ್ರಿ ಒಂದು ಜಾರಿತು, ಇನ್ನೊಂದು ಏರಿಸಿದೆ.

ಅದರ ಭಾರ ಅಂಗೈಗೆ ಗೊತ್ತಾಯಿತು.

ಎಷ್ಟು ಹೊತ್ತು ಹಿಡಿದಿದ್ದೆ ಎಂದು ಎಣಿಸಲಿಲ್ಲ. ಏಳು ತಿಂಗಳಿನಿಂದ ಮನಸ್ಸಿನಲ್ಲಿ ನಿಂತ ಮಾತು ಬಹಳ ಇದ್ದವು. ಅರ್ಧವೂ ಆಡಲಾಗಲಿಲ್ಲ, ಕೈ ಸೋತಿತು. ಸುನಂದಾ ಪೂರ್ತಿ ಹೊತ್ತು ಕಣ್ಣು ಮುಚ್ಚಿಕೊಂಡು ಕುಳಿತಿದ್ದಳು. ಅವಳೂ ಏನೋ ಮಾತಾಡುತ್ತಿದ್ದಳೇನೋ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಹೆರಳು ಇನ್ನೂ ಗೌರವ್ವನೇ ಹಾಕುತ್ತಾಳೆ. ದಿನಾ ಬೆಳಗ್ಗೆ ಒಂದು, ರಾತ್ರಿ ಎರಡು ಗುಳಿಗೆ, ಕಡೆಯತನಕ. ಹನ್ನೊಂದರಿಂದ ನಾಲ್ಕರವರೆಗೆ ಮನೆ ಈಗಲೂ ಅಷ್ಟೇ ದೊಡ್ಡದು, ಆ ರಸ್ತೆಯ ಮನೆಗಳ ಬಾಗಿಲು ಈಗಲೂ ತೆರೆಯುವುದಿಲ್ಲ. ಈ ನೋಟ್‌ಬುಕ್ ಆ ಹೊತ್ತಿನಲ್ಲೇ ಬರೆದದ್ದು. ಪುಟ ಹಾರದ ಹಾಗೆ ಎಡಗೈ ಮೇಲೆ ಇಟ್ಟಿದ್ದೇನೆ.

ಒಂದು ಮಾತ್ರ ಬದಲಾಗಿದೆ. ಬಸು ಬೆಳಗ್ಗೆ ಬೈಕ್ ಹಚ್ಚಿ, ಹೊರಡುವ ಮೊದಲು ಅಂಗಳದಿಂದಲೇ ಕೂಗುತ್ತಾನೆ. "ಯವ್ವಾ, ಕೈ ಹೆಂಗೈತಿ?" ಎರಡು ತಿಂಗಳಾಯಿತು, ಒಂದು ದಿನವೂ ಬಿಟ್ಟಿಲ್ಲ. ದಿನಾ "ಚಲೋ ಐತಿ" ಎನ್ನುತ್ತಿದ್ದೆ. ಬಹಳ ದಿನ ಅದು ನಿಜವೇ ಇತ್ತು.

ಇವತ್ತು ಮಾಗಿಯ ಚಳಿ ಜೋರಿತ್ತು. ಪೂಜೆಯಲ್ಲಿ ಬೆರಳು ಬಿಗಿದು ತೆರೆಯಲೇ ಇಲ್ಲ. ಅಂಗಳದಲ್ಲಿ ಬೈಕ್ ಸಪ್ಪಳ ಮಾಡುತ್ತಿತ್ತು. ಸುನಂದಾಳ ಬಸ್ಸಿಗೆ ಹತ್ತು ನಿಮಿಷ ಇತ್ತು. ಅವನು ಕೂಗಿದ.

"ಇವತ್ತು ಚಲೋ ಇಲ್ಲಪ್ಪ," ಎಂದೆ. ನನ್ನ ದನಿ ಅಂಗಳಕ್ಕೆ ಕೇಳುವಷ್ಟು ದೊಡ್ಡದಿತ್ತು.

ಬೈಕ್ ಬಂದ್ ಆಯಿತು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.